ಲೈನ್ ಹೋದದ್ದು

ಫೋನನ್ನು ಎದೆಯ ಮಟ್ಟದಲ್ಲಿ ಹಿಡಿದುಕೊಂಡು, ತುಂಬಿದ ಬಟ್ಟಲು ಚೆಲ್ಲದಂತೆ ಒಯ್ಯುವವರ ಹಾಗೆ, ಅವಳು ಮನೆಯೊಳಗೆ ಅಳೆದಳೆದು ಹೆಜ್ಜೆಯಿಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ವೈಫೈಗೆ ಮೂರು ಗೆರೆ. ಹಜಾರದಲ್ಲಿ, ಅತ್ತೆಯ ಕುರ್ಚಿಯ ಪಕ್ಕ, ಎರಡು. ಕೆಲಸದ ಕೋಣೆಗೆ ಕಾಲಿಟ್ಟೊಡನೆ ಒಂದು. ಮೇಜಿನ ಮುಂದೆ ಕೂತರೆ ಆ ಒಂದೂ ಬಂದು ಬಂದು ಹೋಗುತ್ತಿತ್ತು. ವೇಗ ಅಳೆಯುವ ಪುಟದಲ್ಲಿ ಮುಳ್ಳು ಏರಲು ಹೊರಟು, ಏನೋ ನೆನಪಾದಂತೆ ಅರ್ಧದಲ್ಲೇ ನಿಂತು, ಕೆಳಗಿಳಿಯಿತು. ಬೆಳಿಗ್ಗೆಯಿಂದ ಇದು ಏಳನೆಯ ಸಲ. ಇನ್ನೂ ಹತ್ತೂವರೆ. ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ಕರೆಯಲ್ಲಿ ಹೊಲಿಗೆಯಾಕೆಯ ಸರದಿ. ಹತ್ತರಿಂದ ಒಂದರೊಳಗೆ ಲೈನ್‌ಮನ್ ಬರುತ್ತಾನೆ ಎಂದು ಇಂಟರ್‌ನೆಟ್ ಕಂಪನಿಯವರು ಹೇಳಿದ್ದರು. ಅವನು ಬೇಗ ಬರಲಿ ಎಂದು ಅವಳು ಬಯಸುತ್ತಿದ್ದಳು. ಬಾರದೇ ಇರಲಿ ಎಂದೂ ಅಷ್ಟೇ ಬಲವಾಗಿ ಬಯಸುತ್ತಿದ್ದಳು. ಈ ಎರಡು ಬಯಕೆಗಳ ನಡುವೆ ಕೈ ಬೆವರಿ, ಫೋನಿನ ಗಾಜಿನ ಮೇಲೆ ಬೆರಳಿನ ಅಚ್ಚು ಮೂಡುತ್ತಿತ್ತು. ಅದನ್ನು ಅಂಗಿಯ ತುದಿಗೆ ಒರೆಸಿ, ಮತ್ತೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಮತ್ತೆ ಸುತ್ತೋಕೆ ಶುರುವಾಯ್ತು ನೋಡು," ಅಂದರು ಅತ್ತೆ, ತೊಡೆಯ ಮೇಲಿನ ಟ್ಯಾಬನ್ನು ತುಸು ಎತ್ತಿ ತೋರಿಸುತ್ತ. "ಹತ್ತು ನಿಮಿಷದಿಂದ ಧಾರಾವಾಹಿ ಹುಡುಗ ಬಾಗಿಲಲ್ಲೇ ನಿಂತಿದಾನೆ ಪಾಪ. ಒಳಗೂ ಬರಲ್ಲ, ಹೊರಗೂ ಹೋಗಲ್ಲ."

"ಸ್ವಲ್ಪ ಹೊತ್ತು ಅದನ್ನ ಮುಚ್ಚಿಡಿ ಅತ್ತೆ. ನೀವು ನೋಡ್ತಿದ್ರೆ ನನಗೆ ಸರಿಯಾಗಿ ಅಳೆಯೋಕಾಗಲ್ಲ."

"ನಾನು ನೋಡಿದ್ರೆ ಸವೆದುಹೋಗುತ್ತಾ ಅದು?" ಎಂದರೂ ಅತ್ತೆ ಟ್ಯಾಬನ್ನು ಮಗುಚಿಟ್ಟರು. ಮಗುಚಿಟ್ಟ ಮೇಲೆ ಅವರ ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಆ ಖಾಲಿ ಕೈಗಳನ್ನು ನೋಡಲಾಗದೆ ಅವಳು ಕೋಣೆಗೆ ಹೋದಳು.

ಎಂಟು ದಿನದ ಹಿಂದೆ ಲೈನ್ ಹೋಗಿರಲಿಲ್ಲ. ಅವಳೇ ತೆಗೆದಿದ್ದಳು. ಈ ವಾಕ್ಯವನ್ನು ಅವಳು ಇದುವರೆಗೆ ತನ್ನೊಳಗೆ ಕೂಡ ಪೂರ್ತಿ ಹೇಳಿಕೊಂಡಿರಲಿಲ್ಲ. ಅರ್ಧ ಹೇಳಿ ಬೇರೆ ಏನಾದರೂ ಯೋಚಿಸುತ್ತಿದ್ದಳು. ಒಂಬತ್ತು ವರ್ಷದಿಂದ ಅವಳದು ಈ ಕೆಲಸ: ಮನೆಯಲ್ಲೇ ಕೂತು, ತೆರೆಯ ಮೂಲಕ ಆಸ್ಪತ್ರೆಗಳಿಗೆ ದುಭಾಷಿಯಾಗಿರುವುದು. ವೈದ್ಯರಿಗೆ ರೋಗಿಯ ಮಾತು ಬಾರದು, ರೋಗಿಗೆ ವೈದ್ಯರ ಮಾತು ಬಾರದು. ಗಾಲಿಯ ಕಂಬದ ಮೇಲಿನ ತೆರೆಯೊಂದನ್ನು ನರ್ಸು ಉರುಳಿಸಿಕೊಂಡು ಬಂದು ಇಬ್ಬರ ನಡುವೆ ನಿಲ್ಲಿಸುತ್ತಾಳೆ, ಅದರಲ್ಲಿ ಅವಳ ಮುಖ. ಅವತ್ತು ಆ ಕಡೆ ಇದ್ದದ್ದು ನಲವತ್ತೈದರ ಆಸುಪಾಸಿನ ಒಬ್ಬ ಹೊಲಿಗೆಯಾಕೆ. ಕೂತವಳೇ ತೆರೆಯನ್ನು ದಿಟ್ಟಿಸಿ, "ಅಮ್ಮ, ನಿಮ್ಮ ಕಾಲರು ಎಡಗಡೆ ಒಂದು ನೂಲು ಮೇಲೇರಿದೆ, ಹೊಲಿದವರು ಅವಸರದಲ್ಲಿ ಹೊಲಿದಿದಾರೆ" ಅಂದಿದ್ದಳು. ಇವಳು ನಕ್ಕು ಕಾಲರು ಮುಟ್ಟಿಕೊಂಡಿದ್ದಳು. ವೈದ್ಯೆ ಒಳಗೆ ಬಂದು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ವೈದ್ಯರು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುವುದರ ಅರ್ಥ ಇವಳಿಗೆ ಗೊತ್ತಿತ್ತು. ನಿಮ್ಮ ಸ್ಕ್ಯಾನ್ ನೋಡಿದೆ ಎಂದಳು ವೈದ್ಯೆ. ಇವಳು ಅದನ್ನು ಹೇಳಿದಳು. ಗಡ್ಡೆ ಯಕೃತ್ತಿಗೂ ಹರಡಿದೆ, ಇನ್ನು ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದಳು ವೈದ್ಯೆ. ಹೊಲಿಗೆಯಾಕೆ ವೈದ್ಯೆಯನ್ನು ನೋಡುತ್ತಿರಲಿಲ್ಲ. ತೆರೆಯನ್ನೇ ನೋಡುತ್ತಿದ್ದಳು, ಹುಬ್ಬನ್ನು ತುಸು ಏರಿಸಿ, ತನ್ನ ನಿಲ್ದಾಣ ಬಂತೇ ಎಂದು ಬಸ್ಸಿನ ಕಿಟಕಿಯಿಂದ ನೋಡುವವಳ ಹಾಗೆ. ಇಂಥ ಮಾತನ್ನು ಇವಳು ಎಷ್ಟೋ ಜನಕ್ಕೆ ಹೇಳಿದ್ದಳು. ಹೇಳಿ, ಕರೆ ಮುಗಿಸಿ, ಮುಖ ತೊಳೆದುಕೊಂಡು ಅನ್ನಕ್ಕೆ ಇಟ್ಟಿದ್ದಳು. ಅವತ್ತು ಮಾತು ಬಾಯಲ್ಲೇ ಉಳಿಯಿತು. ಎಡಗೈ ತಾನಾಗಿ ಮೇಜಿನ ಪಕ್ಕಕ್ಕೆ ಹೋಗಿ, ವೈಫೈ ಡಬ್ಬಿಯ ಸ್ವಿಚ್ಚನ್ನು ಒತ್ತಿತು. ತೆರೆಯ ಮೇಲಿನ ಹುಬ್ಬು ಹಾಗೇ ಏರಿದ್ದು ನಿಂತುಬಿಟ್ಟಿತು, ಆಮೇಲೆ ಕಪ್ಪಾಯಿತು.

ಇಪ್ಪತ್ತು ನಿಮಿಷ ಅವಳು ಅಲ್ಲೇ ಕೂತಿದ್ದಳು. ಆಮೇಲೆ ಮೇಲ್ವಿಚಾರಕಿಗೆ ಫೋನ್ ಮಾಡಿ, ಲೈನ್ ಹೋಯ್ತು ಎಂದಳು. ಆ ಭಾಷೆಗೆ ಪಟ್ಟಿಯಲ್ಲಿದ್ದವರು ಇಬ್ಬರೇ, ಇನ್ನೊಬ್ಬಾತ ರಜೆಯಲ್ಲಿದ್ದ. ಹೊಲಿಗೆಯಾಕೆಯನ್ನು ಮನೆಗೆ ಕಳಿಸಿ, ಎಂಟು ದಿನ ಬಿಟ್ಟು ಬರಲು ಚೀಟಿ ಕೊಟ್ಟರು. ಅಂದು ಸಂಜೆ ಅವಳು, ಕಿಟಕಿಯ ಪಕ್ಕ ಬಿಸಿಲಿಗೆ ಡಬ್ಬಿ ಕಾಯುತ್ತದೆ, ಅದಕ್ಕೇ ಕೈಕೊಡುತ್ತಿದೆ ಎಂದು ಗಂಡನಿಗೆ ಹೇಳಿ, ಅವನು ಕೇಳದೆ ಇದ್ದರೂ ಎರಡು ಸಲ ಹೇಳಿ, ಡಬ್ಬಿಯನ್ನು ಕಬ್ಬಿಣದ ಬೀರುವಿನ ಹಿಂದಕ್ಕೆ ಸರಿಸಿಟ್ಟಳು. ಸುಳ್ಳಿಗೆ ಒಂದಿಷ್ಟು ಕೆಲಸ ಮಾಡಿ ತೋರಿಸಿದರೆ ಅದು ನಿಜದ ಹತ್ತಿರ ಬಂದೀತು ಎಂದು ಅನ್ನಿಸಿತ್ತೋ ಏನೋ. ಮರುದಿನದಿಂದ ಲೈನ್ ನಿಜವಾಗಿಯೂ ಹೋಗತೊಡಗಿತು. ಮಂಡಿನೋವಿನ ಮುದುಕರೊಬ್ಬರು ಎಲ್ಲಿ ನೋವು ಎಂದು ತೋರಿಸುತ್ತಿದ್ದಾಗ ಹೋಯಿತು. ಕೂಸಿನ ಜ್ವರ ಎಷ್ಟು ದಿನದ್ದು ಎಂದು ತಾಯಿಯೊಬ್ಬಳು ಹೇಳುತ್ತಿದ್ದಾಗ ಹೋಯಿತು. ಎರಡು ಸಲವೂ ಅವಳು ಮೇಲ್ವಿಚಾರಕಿಗೆ ಅದೇ ಮಾತು ಹೇಳಬೇಕಾಯಿತು: ಲೈನ್ ಹೋಯ್ತು. ನಿಜ ಹೇಳುವಾಗಲೂ ದನಿ ಸುಳ್ಳು ಹೇಳಿದವಳದೇ ಆಗಿತ್ತು, ಮೊದಲ ಸಲಕ್ಕಿಂತ ಹೆಚ್ಚು ತಡವರಿಸಿತು.

ಹನ್ನೊಂದಕ್ಕೆ ಮೇಲ್ವಿಚಾರಕಿಯ ಫೋನ್ ಬಂತು.

"ಲೈನ್‌ಮನ್ ಬಂದ್ರಾ?"

"ಇಲ್ಲ, ಇನ್ನೂ. ಮಧ್ಯಾಹ್ನ ಒಂದರೊಳಗೆ ಬರ್ತೀನಿ ಅಂದಿದಾರೆ."

"ನೋಡಿ, ನಿಮ್ಮ ಮೇಲೆ ನನಗೇನೂ ಇಲ್ಲ. ಆದ್ರೆ ಒಂದೇ ವಾರದಲ್ಲಿ ಮೂರು ಸಲ ಅಂದ್ರೆ ನಾನು ಮೇಲಿನವರಿಗೆ ಏನಾದ್ರೂ ತೋರಿಸ್ಬೇಕು. ಲೈನಲ್ಲಿ ತೊಂದರೆ ಇತ್ತು ಅಂತ ಲೈನ್‌ಮನ್ ಕೈಯಲ್ಲಿ ಬರೆಸ್ಕೊಂಡು ಕಳಿಸಿ, ಯಾವ ತಾರೀಖಿಂದ ಅಂತ ಹಾಕಿಸಿ. ಇಲ್ಲಾಂದ್ರೆ ಸದ್ಯಕ್ಕೆ ಪಟ್ಟಿಯಿಂದ ತೆಗೀಬೇಕಾಗುತ್ತೆ."

"ಸರಿ."

"ಇನ್ನೊಂದು. ನಾಲ್ಕು ಗಂಟೆಯವರು, ಆ ಟೈಲರು, ನೀವೇ ಬೇಕು ಅಂದಿದಾರಂತೆ. ಇನ್ನೊಬ್ಬರು ರಜೆ ಮುಗಿಸಿ ಬಂದಿದಾರೆ, ಅವರನ್ನ ಹಾಕೋಣ ಅಂದ್ರೆ ಬೇಡ, ಅವತ್ತಿನ ಅಮ್ಮನೇ ಬರ್ಲಿ ಅಂದ್ರಂತೆ. ನಿಮ್ಮನ್ನ ಹಚ್ಕೊಂಡಿದಾರೆ ಅನ್ಸುತ್ತೆ."

ಫೋನ್ ಇಟ್ಟ ಮೇಲೆ ಅವಳಿಗೆ ಕೂರಲಾಗಲಿಲ್ಲ. ಹಚ್ಚಿಕೊಂಡಿದ್ದಾಳೆ. ಹಚ್ಚಿಕೊಳ್ಳಲು ಏನಿತ್ತು, ಕಾಲರಿನ ಒಂದು ಮಾತು. ಕಂಪನಿಯ ಸಹಾಯದ ನಂಬರಿಗೆ ಮತ್ತೆ ಫೋನ್ ಮಾಡಿದಳು. ಮುದ್ರಿತ ದನಿ, ದಯವಿಟ್ಟು ನಿಮ್ಮ ಉಪಕರಣವನ್ನು ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚಿ ಎಂದಿತು. ಬೀರುವಿನ ಹಿಂದೆ ಕೈ ತೂರಿಸಿ, ಕೆನ್ನೆಯನ್ನು ತಣ್ಣನೆಯ ಕಬ್ಬಿಣಕ್ಕೆ ಒತ್ತಿ, ಸ್ವಿಚ್ಚನ್ನು ಹುಡುಕಿ ಅದುಮಿದಳು. ಒಂದು, ಎರಡು, ಮೂರು. ಬೆರಳಿಗೆ ಅದರ ಉಬ್ಬು ಚೆನ್ನಾಗಿ ನೆನಪಿತ್ತು. ಕೊನೆಗೆ ಒಬ್ಬ ಹುಡುಗಿ ಮಾತಿಗೆ ಸಿಕ್ಕಳು. ತೊಂದರೆ ಎಂದಿನಿಂದ ಎಂದು ಕೇಳಿದಳು. ಕಳೆದ ವಾರ, ಇದೇ ದಿನದಿಂದ, ಎಂದುಬಿಟ್ಟಳು ಇವಳು.

"ಒಂದ್ ನಿಮಿಷ ಮೇಡಂ." ಕೀಲಿಮಣೆಯ ಸದ್ದು. "ಆ ದಿನ ನಮ್ಮ ಕಡೆ ಲೈನ್ ಸರಿಯಾಗೇ ತೋರಿಸ್ತಿದೆ. ಮಧ್ಯಾಹ್ನ ಇಪ್ಪತ್ತೆರಡು ನಿಮಿಷ ನಿಮ್ಮ ಬಾಕ್ಸಿಗೆ ಕರೆಂಟ್ ಇರಲಿಲ್ಲ, ಅಷ್ಟೇ. ನಿಮ್ಮ ಕಡೆ ಕರೆಂಟ್ ಹೋಗಿತ್ತಾ?"

"ಇರಬಹುದು," ಅಂದಳು. "ನನಗೆ ಸರಿಯಾಗಿ ನೆನಪಿಲ್ಲ."

ಎಲ್ಲೋ ಒಂದು ಕಡೆ ಅದು ಬರೆದಿತ್ತು ಹಾಗಾದರೆ. ತನ್ನ ಕೈ ಪಕ್ಕಕ್ಕೆ ಹೋದದ್ದು, ತಾನು ಕೂತೇ ಇದ್ದದ್ದು, ಇಪ್ಪತ್ತೆರಡು ನಿಮಿಷ. ಅವಳಿಗೆ ಇಪ್ಪತ್ತು ಎಂದು ಅನ್ನಿಸಿತ್ತು. ಮೇಲ್ವಿಚಾರಕಿ ಈ ಹುಡುಗಿಗೇ ಒಂದು ಫೋನ್ ಮಾಡಿದರೆ ಸಾಕು. ಯಾಕೆ ಮಾಡುತ್ತಾಳೆ, ಮಾಡುವುದಿಲ್ಲ, ಆದರೂ ಮಾಡಿದರೆ. ನೀರು ಕುಡಿಯಲು ಹೋಗಿ, ಲೋಟ ಹಿಡಿದು ಕುಡಿಯದೆ ನಿಂತಳು. ಚಿಕ್ಕವಳಿದ್ದಾಗ ಒಂದು ದಿನ, ಕಚೇರಿಯ ಗಾಜಿನ ಕಿಟಕಿಯ ಅಂಚು ಅವಳ ಗಲ್ಲದ ಮಟ್ಟಕ್ಕಿತ್ತು; ತುದಿಗಾಲಲ್ಲಿ ನಿಂತಿದ್ದಳು; ಹಿಂದೆ ಅಪ್ಪ, ಕೈಯಲ್ಲಿ ಟೋಪಿ. ಹೊಸ ಊರಿನ ಮಾತು ಅಪ್ಪನಿಗೆ ಬರುತ್ತಿರಲಿಲ್ಲ, ಶಾಲೆಗೆ ಹೋಗುತ್ತಿದ್ದ ಅವಳಿಗೆ ಬರುತ್ತಿತ್ತು. ಒಳಗಿನ ಗುಮಾಸ್ತ ಕಾಗದಗಳನ್ನು ತಿರುಗಿಸಿ ಈಚೆಗೆ ತಳ್ಳಿ, ಮೂರು ಸಲ ಹೇಳಿದರೂ ತಲೆಗೆ ಹೋಗದ ದಡ್ಡ ಎಂದು ನಿಮ್ಮಪ್ಪನಿಗೆ ಹೇಳು ಎಂದ. ಅವಳು ಅಪ್ಪನ ಕಡೆ ತಿರುಗಿ, ನಾಳೆ ಬರಬೇಕಂತೆ ಅಪ್ಪ ಅಂದಳು. ಅಪ್ಪ ಗುಮಾಸ್ತನ ಮುಖವನ್ನೂ ಅವಳ ಮುಖವನ್ನೂ ನೋಡಿ, ಸರಿ ಮಗಳೇ ಅಂದ. ದಾರಿಯುದ್ದಕ್ಕೂ ಅವಳ ಕೈ ಹಿಡಿದೇ ನಡೆದ. ಆದರೆ ಮರುದಿನ ಪಕ್ಕದ ಮನೆಯವನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದ. ಅವಳು ಚಪ್ಪಲಿ ಹಾಕಿಕೊಂಡು ಸಿದ್ಧವಾಗಿದ್ದರೂ, ನೀನು ಬೇಡ, ಓದಿಕೋ ಅಂದ. ಆಮೇಲೆ ಎಂದೂ ಕರೆದುಕೊಂಡು ಹೋಗಲಿಲ್ಲ. ಲೋಟದ ನೀರನ್ನು ಅವಳು ಸಿಂಕಿಗೆ ಸುರಿದಳು.

ಒಂದು ಗಂಟೆ ಆಯಿತು, ಎರಡಾಯಿತು. ಅತ್ತೆ ಊಟ ಮಾಡಿ, ತಟ್ಟೆ ತೊಳೆದಿಟ್ಟು, ಇವಳ ತಟ್ಟೆ ಹಾಗೇ ಇದ್ದದ್ದನ್ನು ನೋಡಿ ಅದಕ್ಕೆ ಮುಚ್ಚಳ ಮುಚ್ಚಿದರು. ಎರಡೂ ಮುಕ್ಕಾಲಿಗೆ ಬಾಗಿಲ ಗಂಟೆ. ಬೀದಿಯವರೆಲ್ಲ ಲೈನ್‌ಮನ್‌ನನ್ನು ಏಣಿ ಎಂದೇ ಕರೆಯುತ್ತಿದ್ದರು. ಹೆಗಲ ಮೇಲೆ ಏಣಿಯಿಲ್ಲದೆ ಅವನನ್ನು ಯಾರೂ ಕಂಡಿರಲಿಲ್ಲ, ಆಳೂ ಹಾಗೇ ಉದ್ದ. ಏಣಿಯನ್ನು ಮೆಟ್ಟಿಲ ಬಳಿ ಒರಗಿಸಿ, ಬೂಟು ಬಿಚ್ಚಿ, ಒಳಗೆ ಬಂದು ಮೊದಲು ನೀರು ಕೇಳಿದ. ತಡವಾಯಿತು ಎಂಬ ಮಾತನ್ನೇ ಎತ್ತಲಿಲ್ಲ.

"ಎಲ್ಲಿ ಮೇಡಂ ಡಬ್ಬಿ?"

ಅವಳು ಬೀರು ತೋರಿಸಿದಳು. ಅವನು ಬೀರುವಿನ ಹಿಂದೆ ಇಣುಕಿ, ಟಾರ್ಚು ಬಿಟ್ಟು, ನಾಲಿಗೆ ಲೊಚಗುಟ್ಟಿದ.

"ಯಾರು ಇಟ್ಟಿದ್ದು ಇಲ್ಲಿ?"

"ನಾನೇ. ಕಿಟಕಿ ಹತ್ರ ಬಿಸಿಲು ಬೀಳುತ್ತೆ ಅಂತ."

"ಕಬ್ಬಿಣದ ಹಿಂದೆ ಇಟ್ರೆ ಅದು ಯಾರಿಗೆ ಕೇಳಿಸ್ಬೇಕು ಹೇಳಿ. ಬಾವಿಯೊಳಗೆ ನಿಂತು ಕೂಗ್ದಂಗೆ." ಅವನೂ ಅವಳೂ ಸೇರಿ ಬೀರುವನ್ನು ಒಂದು ಮೊಳ ಸರಿಸಿದರು. ಧೂಳಿನ ನಡುವೆ ಡಬ್ಬಿಯ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿತ್ತು. ಗೋಡೆಯಿಂದ ಬಂದ ಹಳದಿ ಬಣ್ಣದ ಸಪೂರ ತಂತಿ ಬೀರುವಿನ ಕಾಲಿಗೂ ಗೋಡೆಗೂ ನಡುವೆ ಸಿಕ್ಕಿ, ಕಾಗದ ಮಡಿಚಿದ ಹಾಗೆ ಮಡಿಚಿಕೊಂಡಿತ್ತು. ಅವನು ಅದನ್ನು ಎರಡು ಬೆರಳಲ್ಲಿ, ಏಟು ತಿಂದ ಹಕ್ಕಿಯನ್ನು ಎತ್ತುವಂತೆ ಎತ್ತಿ, ತುದಿಯನ್ನು ಕಿತ್ತು ಒಂದು ಪುಟ್ಟ ಮೀಟರಿಗೆ ಸಿಕ್ಕಿಸಿದ.

"ಇದರೊಳಗೆ ಓಡೋದು ಕರೆಂಟಲ್ಲ ಮೇಡಂ, ಬೆಳಕು. ಮಡಿಚಿದ್ರೆ ಮಡಿಚಿದ ಕಡೆಯಿಂದ ಸೋರಿಹೋಗುತ್ತೆ. ಪೂರ್ತಿ ಹೋಗಲ್ಲ, ಪೂರ್ತಿ ಬರೋದೂ ಇಲ್ಲ. ಇಂಥದ್ದೇ ಕಷ್ಟ, ಹಿಡಿಯೋಕೆ."

ಅವನು ತಂತಿಯ ಮಡಿಚಿದ ಭಾಗವನ್ನು ಕತ್ತರಿಸಿ, ತುದಿಗೆ ಹೊಸ ಕೊಂಡಿ ಹಾಕುತ್ತಿದ್ದಾಗ ಅವಳು ಪಕ್ಕದಲ್ಲೇ ನಿಂತು ಅವನ ಉಗುರುಗಳನ್ನು ನೋಡುತ್ತಿದ್ದಳು. ಹಾಗಾದರೆ ಈ ವಾರದ ತೊಂದರೆಯೂ ತನ್ನದೇ. ಮುದುಕರ ಮಂಡಿ, ಕೂಸಿನ ಜ್ವರ. ಆದರೂ ಒಂದು ಬಗೆಯ ಹಗುರ ಅವಳೊಳಗೆ ಏಳುತ್ತಿತ್ತು, ಅದಕ್ಕೆ ಅವಳಿಗೆ ನಾಚಿಕೆಯಾಯಿತು: ತೊಂದರೆ ಇದೆ, ಕಣ್ಣಿಗೆ ಕಾಣುವಂಥದ್ದು ಇದೆ, ಅದನ್ನು ಬರೆಸಿಕೊಳ್ಳಬಹುದು. ಅವಳು ಕೆಮ್ಮಿ, ದನಿ ಸರಿಮಾಡಿಕೊಂಡು ಕೇಳಿದಳು.

"ಆಫೀಸಿಗೆ ತೋರಿಸೋಕೆ ಒಂದು ಚೀಟಿ ಬೇಕಿತ್ತು. ಲೈನಲ್ಲಿ ತೊಂದರೆ ಇತ್ತು ಅಂತ."

"ಬರ್ಕೊಡೋಣ. ಯಾವತ್ತಿಂದ?"

ಅವಳು ಬಾಯಿ ತೆರೆಯುವ ಮೊದಲೇ ಹಜಾರದಿಂದ ಅತ್ತೆಯ ದನಿ ಬಂತು. ಅವರು ಯಾವಾಗ ಬಾಗಿಲ ಬಳಿ ಬಂದು ನಿಂತಿದ್ದರೋ.

"ಈ ವಾರದಿಂದ ಕಣಪ್ಪ. ಅದಕ್ಕೆ ಮುಂಚೆ ಚೆನ್ನಾಗೇ ಇತ್ತು. ಒಂದು ದಿನ ಮಾತ್ರ ಇವಳೇ ಸ್ವಿಚ್ ಆರಿಸಿದ್ಲು, ನನ್ನ ಧಾರಾವಾಹಿ ಮದುವೆ ಮನೆಯಲ್ಲೇ ನಿಂತುಹೋಯ್ತು. ನಾನು ಇಣುಕಿ ನೋಡ್ದೆ, ಹಂಗೇ ಕೂತಿದ್ಲು. ಕೆಲಸದಲ್ಲೇನೋ ಇರ್ಬೇಕು ಅಂತ ಸುಮ್ಮನಾದೆ."

ಅವಳ ಕಿವಿಯ ತುದಿಗಳು ಬಿಸಿಯಾದವು. ಅತ್ತೆಯ ಮುಖದಲ್ಲಿ ಕೊಂಕಿರಲಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದವರ ಸಮಾಧಾನವಿತ್ತು ಅಷ್ಟೆ. ಎಂಟು ದಿನ ಈ ಮನೆಯಲ್ಲೇ ಅದನ್ನು ಒಬ್ಬರು ಬಲ್ಲವರಾಗಿ, ಎದುರಿಗೆ ಕೂತು ಊಟ ಮಾಡಿದ್ದರು. ಏಣಿ ಒಮ್ಮೆ ಅವಳ ಕಡೆ ನೋಡಿ, ಮತ್ತೆ ತಂತಿಯ ಕಡೆ ನೋಡಿದ. ಕೆಲಸ ಮುಗಿಸಿ, ಡಬ್ಬಿಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ತಂದಿಟ್ಟು, ಹಸಿರು ದೀಪಗಳು ಒಂದೊಂದಾಗಿ ನಿಲ್ಲುವವರೆಗೆ ಕಾದ. ನೆರೆಹೊರೆಯ ಡಬ್ಬಿಗಳೆಲ್ಲ ಒಂದೇ ಚಾನೆಲ್ಲಿನಲ್ಲಿ ಗಿಜಿಗುಡುತ್ತಿವೆ, ನಿಮ್ಮದನ್ನು ಬೇರೆ ಕಡೆ ಹಾಕಿದ್ದೇನೆ ಎಂದ. ಆಮೇಲೆ ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಚೀಟಿ ಬರೆದು, ರುಜು ಹಾಕಿ, ಹರಿದು ಅವಳ ಕೈಗೆ ಕೊಟ್ಟು ಸಣ್ಣ ದನಿಯಲ್ಲಿ ಹೇಳಿದ.

"ತಾರೀಖು ಹಾಕಿಲ್ಲ ಮೇಡಂ. ನಿಮಗೆ ಯಾವತ್ತಿಂದ ಬೇಕೋ ನೀವೇ ಹಾಕ್ಕೊಳ್ಳಿ. ಎಲ್ಲಾರಿಗೂ ಒಂದೊಂದು ದಿನ ಹಂಗಿರುತ್ತೆ."

ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಆ ಕರುಣೆಯಲ್ಲಿ ಅವಳು ಸಣ್ಣವಳಾಗಿ ನಿಂತು, ಥ್ಯಾಂಕ್ಸ್ ಎಂದಳು. ಅವನು ಬೂಟು ಹಾಕಿಕೊಂಡು ಏಣಿ ಹೊತ್ತು ಹೋದ. ಅತ್ತೆ ಬಾಗಿಲು ಹಾಕಿ ಬಂದು, ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಮಡಿಚುತ್ತ ನಿಂತು, "ಹೇಳಬಾರದಿತ್ತೇನೋ ನಾನು," ಅಂದರು.

"ಇಲ್ಲ ಅತ್ತೆ. ನೀವು ಹೇಳಿದ್ದರಲ್ಲಿ ತಪ್ಪೇನಿಲ್ಲ."

"ಏನಾಗಿತ್ತು ಅವತ್ತು?"

"ಒಬ್ಬರಿಗೆ ಒಂದು ಮಾತು ಹೇಳಬೇಕಿತ್ತು. ಹೇಳೋಕಾಗಲಿಲ್ಲ."

ಅತ್ತೆ ಅಡುಗೆಮನೆಗೆ ಹೋದರು. ಮುಚ್ಚಿಟ್ಟಿದ್ದ ತಟ್ಟೆಯನ್ನು ಬಿಸಿಮಾಡಿ ತಂದು ಮೇಜಿನ ಮೇಲಿಟ್ಟರು. ಅವಳು ಎರಡು ತುತ್ತು ತಿಂದು, ಬಾಯಿ ಮುಕ್ಕಳಿಸಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಾಗ ನಾಲ್ಕಕ್ಕೆ ಮೂರು ನಿಮಿಷವಿತ್ತು. ಮುಳ್ಳು ಸಲೀಸಾಗಿ ಏರಿ ತುದಿ ಮುಟ್ಟಿ ನಿಂತಿತು. ಒಂಬತ್ತು ವರ್ಷದಲ್ಲಿ ಲೈನ್ ಇಷ್ಟು ಚೆನ್ನಾಗಿ ಇದ್ದದ್ದೇ ಇಲ್ಲ. ಹೋಗುವುದಿದ್ದರೆ ಈಗ ಹೋಗಲಿ ಎಂದು ಮನಸ್ಸಿನ ಒಂದು ಮೂಲೆ ಇನ್ನೂ ಹೇಳುತ್ತಿತ್ತು, ಈಗ ಹೋದರೆ ನನ್ನ ತಪ್ಪಲ್ಲ. ಚೀಟಿ ಮೇಜಿನ ಮೇಲೆ ಖಾಲಿ ತಾರೀಖಿನೊಂದಿಗೆ ಬಿದ್ದಿತ್ತು.

ತೆರೆ ಬೆಳಗಿತು. ಚಿತ್ರ ಎಷ್ಟು ನಿಚ್ಚಳವಾಗಿತ್ತೆಂದರೆ, ಹೊಲಿಗೆಯಾಕೆಯ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ ಕಾಣುತ್ತಿತ್ತು. ಎಂಟು ದಿನದಲ್ಲಿ ಅವಳ ಕತ್ತು ಸಪೂರವಾಗಿತ್ತು. ವೈದ್ಯೆ ಆಗಲೇ ಕುರ್ಚಿ ಹತ್ತಿರ ಎಳೆದುಕೊಂಡು ಕೂತಿದ್ದಳು. ಕಳೆದ ಸಲ ಅರ್ಧದಲ್ಲಿ ನಿಂತದ್ದಕ್ಕೆ ಕ್ಷಮಿಸಿ, ಮೊದಲಿಂದ ಹೇಳುತ್ತೇನೆ ಎಂದಳು. ಇವಳು ಅದನ್ನು ಹೇಳಿದಳು. ಹೊಲಿಗೆಯಾಕೆ ವೈದ್ಯೆಗೆ ಕೈ ತೋರಿಸಿ, ಒಂದು ನಿಮಿಷ ಎನ್ನುವಂತೆ ತಡೆದಳು.

"ಅಮ್ಮ, ಮೊದಲು ನಿಮ್ಮನ್ನ ಒಂದು ಕೇಳ್ಬೇಕು. ಅವತ್ತು ನಿಮ್ಮ ಕೈ ಪಕ್ಕಕ್ಕೆ ಹೋಗಿದ್ದು ನೋಡ್ದೆ ನಾನು. ಆಮೇಲೆ ಕಪ್ಪಾಯ್ತು. ಎಂಟು ದಿನ ನನಗೆ ನಾನೇ ಹೇಳ್ಕೊಂಡೆ, ಲೈನ್ ಹೋಗಿರ್ಬೇಕು, ಆಯಮ್ಮ ಸರಿಮಾಡೋಕೆ ಅಂತ ಕೈ ಹಾಕಿರ್ಬೇಕು ಅಂತ. ಬೇರೆಯವರನ್ನ ಕಳಿಸ್ತೀವಿ ಅಂದ್ರು, ಬೇಡ ಅಂದೆ. ಬೇರೆಯವರಿಗೆ ಇದು ಗೊತ್ತಿರಲ್ಲ. ನೀವೇ ಹೇಳಿ. ಹೋಗಿದ್ದು ಲೈನಾ, ತೆಗೆದಿದ್ದು ನೀವಾ?"

ವೈದ್ಯೆ ತೆರೆಯ ಕಡೆ ನೋಡಿ, ಏನಂದರು ಎಂದು ಕೇಳಿದಳು. ಕೋಣೆಯಲ್ಲಿ ಆಡಿದ ಯಾವ ಮಾತನ್ನೂ ದುಭಾಷಿ ನುಂಗಿಕೊಳ್ಳುವಂತಿಲ್ಲ. ಅವಳು ವೈದ್ಯೆಯ ಭಾಷೆಯಲ್ಲಿ, ಪದಕ್ಕೆ ಪದ, ಕೈ ಪಕ್ಕಕ್ಕೆ ಹೋದದ್ದರಿಂದ ಕೊನೆಯ ಪ್ರಶ್ನೆಯವರೆಗೆ, ಎಲ್ಲವನ್ನೂ ಹೇಳಿದಳು. ಆಮೇಲೆ, ಹೊಲಿಗೆಯಾಕೆಯ ಕಡೆ ತಿರುಗಿ ಹೇಳಿದಳು.

"ನಾನು. ನಾನೇ ತೆಗೆದೆ. ಲೈನ್ ಹೋಗಿರಲಿಲ್ಲ."

ಮತ್ತೆ ವೈದ್ಯೆಗೆ ಅದನ್ನೇ ಹೇಳಿದಳು: ನಾನೇ ತೆಗೆದೆ. ವೈದ್ಯೆ ಗೊಂದಲದಿಂದ ಹೊಲಿಗೆಯಾಕೆಯನ್ನು ನೋಡಿದಳು. ಒಂಬತ್ತು ವರ್ಷ ಇವಳು ನಾನು ಎಂದಾಗಲೆಲ್ಲ ಅದು ಬೇರೆ ಯಾರದೋ ನಾನು ಆಗಿತ್ತು. ಬೇರೆಯವರ ಹೊಟ್ಟೆನೋವು, ಬೇರೆಯವರ ಭಯ. ಇದು ರೋಗಿಯ ಮಾತಲ್ಲ, ದುಭಾಷಿಯ ಮಾತು ಎಂದು ಅವಳು ಬಿಡಿಸಿ ಹೇಳಬೇಕಾಯಿತು. ವೈದ್ಯೆಯ ಮುಖ ಗಟ್ಟಿಯಾಯಿತು. ಅವಳು ತನ್ನ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು, ಆ ವಿಚಾರ ಆಮೇಲೆ ಮಾತಾಡಬೇಕಾಗುತ್ತದೆ ಎಂದಳು. ಈಗ ಇವರನ್ನೇ ಕೇಳಿ, ಮುಂದುವರಿಸಲು ನೀವು ಬೇಕೇ, ಬೇರೆಯವರು ಬೇಕೇ ಎಂದಳು. ಇವಳು ಅದನ್ನೂ ಕೇಳಿದಳು.

"ಕೂತಿದೀವಲ್ಲ," ಅಂದಳು ಹೊಲಿಗೆಯಾಕೆ. "ಹೇಳಿ ಅನ್ನಿ."

ವೈದ್ಯೆ ಹೇಳಿದಳು. ಒಂದೊಂದು ವಾಕ್ಯ ಹೇಳಿ ನಿಂತಳು. ಇವಳು ಒಂದೊಂದು ವಾಕ್ಯ ಹೇಳಿದಳು. "ನಿಮ್ಮ ಸ್ಕ್ಯಾನ್ ನೋಡಿದೆ. ಗಡ್ಡೆ ಯಕೃತ್ತಿಗೂ ಹರಡಿದೆ. ಇನ್ನು ಆಪರೇಷನ್ ಮಾಡಿದ್ರೆ ಉಪಯೋಗವಿಲ್ಲ. ನೋವು ಕಡಿಮೆ ಮಾಡೋಕೆ, ಸ್ವಲ್ಪ ನಿಧಾನ ಮಾಡೋಕೆ ಔಷಧ ಕೊಡ್ತೀನಿ." ದನಿ ನಡುಗಲಿಲ್ಲ. ನಡುಗಿದ್ದರೆ ತಡೆದುಕೊಳ್ಳಬಹುದಿತ್ತು, ಆದರೆ ಸ್ಪಷ್ಟವಾಗಿ, ಒಂದೂ ಅಕ್ಷರ ಕಳೆಯದೆ ಅದು ಆ ಕಡೆ ತಲುಪುತ್ತಿತ್ತು. ಹೊಲಿಗೆಯಾಕೆಯ ಹುಬ್ಬು ಏರಿದ್ದು ನಿಧಾನವಾಗಿ ಇಳಿಯಿತು. ಅವಳು ಮೇಜಿನ ಅಂಚಿನ ಮೇಲೆ ಬೆರಳಿಟ್ಟು, ಬಟ್ಟೆಯ ಸುಕ್ಕು ಬಿಡಿಸುವಂತೆ ಉದ್ದಕ್ಕೆ ಸವರಿದಳು.

"ಎಷ್ಟು ದಿನ ಅಂತ ಕೇಳಿ."

ವೈದ್ಯೆ, ಖಚಿತವಾಗಿ ಹೇಳಲಾಗದು, ತಿಂಗಳುಗಳು, ಬಹುಶಃ ಆರು, ಬಹುಶಃ ಅದಕ್ಕಿಂತ ಕಡಿಮೆ ಎಂದಳು. ಇವಳು ಹೇಳಿದಳು.

"ಶಾಲೆಯೊಂದರ ಬ್ಯಾಂಡಿಗೆ ನಲವತ್ತು ಕೋಟು ಒಪ್ಕೊಂಡಿದೀನಿ. ಅವತ್ತು ಇಲ್ಲಿಂದ ಹೋದ ಮಾರನೇ ದಿನ ಬಂದ್ರು, ಒಪ್ಕೊಂಡೆ. ನಲವತ್ತೂ ಕತ್ತರಿಸಿ ಇಟ್ಟಿದೀನಿ. ಎಂಟು ದಿನ ಅದನ್ನೇ ಮಾಡ್ದೆ. ಕತ್ತರಿಸಿದ ಮೇಲೆ ವಾಪಸ್ ಕೊಡೋಕಾಗಲ್ಲ. ಹೊಲಿದು ಮುಗಿಸೋಕೆ ಆಗುತ್ತಾ ಕೇಳಿ."

ಅವಳು ಕೇಳಿದಳು. ಕೇಳುವಾಗ ಅವಳ ಕಣ್ಣಿಗೆ ಆ ಕತ್ತರಿಸಿದ ಬಟ್ಟೆಯ ರಾಶಿ ಕಂಡಿತು, ತೋಳುಗಳು ಒಂದು ಕಡೆ, ಬೆನ್ನುಗಳು ಒಂದು ಕಡೆ, ಸೀಮೆಸುಣ್ಣದ ಗೆರೆಗಳು. ಎಂಟು ದಿನ ಕತ್ತರಿ ಹಿಡಿದ ಆ ಬೆರಳು. ಅವತ್ತೇ ಹೇಳಿದ್ದರೆ ಹೊಲಿಗೆಯಾಕೆ ಆ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲವೇನೋ. ಮುಟ್ಟುತ್ತಿದ್ದಳೋ ಏನೋ. ಅದು ಇನ್ನು ಎಂದೂ ಗೊತ್ತಾಗುವಂತಿರಲಿಲ್ಲ. ದಿನಕ್ಕೆ ಎಷ್ಟು ಹೊತ್ತು ಕೂರಬಲ್ಲಿರಿ ಎಂದು ವೈದ್ಯೆ ಕೇಳಿದಳು. ಮೊದಲ ಎರಡು ತಿಂಗಳು ಕೈಯಲ್ಲಿ ಶಕ್ತಿ ಇರುತ್ತದೆ, ಬೆಳಿಗ್ಗೆ ಮಾತ್ರ ಕೂರಿ, ಜೊತೆಗೆ ಇನ್ನೊಬ್ಬರನ್ನು ಹಾಕಿಕೊಳ್ಳಿ ಎಂದಳು. ಕಾಜ ಹೊಲಿಯಲು ಯಾರನ್ನಾದರೂ ಹಾಕಿಕೊಳ್ಳಬಹುದು, ಕಾಲರು ಮಾತ್ರ ನಾನೇ ಕೂರಿಸಬೇಕು ಎಂದಳು ಹೊಲಿಗೆಯಾಕೆ. ಹೀಗೆ ಅವರಿಬ್ಬರೂ ಕೋಟುಗಳ ಬಗ್ಗೆ ಕಾಲು ಗಂಟೆ ಮಾತಾಡಿದರು. ಇವಳು ಇಬ್ಬರ ನಡುವೆ ಆ ಕಡೆ ಈ ಕಡೆ ಹೋಗಿ ಬಂದಳು. ಲೈನ್ ಒಮ್ಮೆಯೂ ತಡವರಿಸಲಿಲ್ಲ.

ಏಳುವ ಮುಂಚೆ ಹೊಲಿಗೆಯಾಕೆ ಚೀಲ ಹೆಗಲಿಗೆ ಹಾಕಿಕೊಂಡು, ತೆರೆಯನ್ನು ನೋಡಿ ಹೇಳಿದಳು.

"ಅವತ್ತು ಹೇಳಿದ್ರೆ ಅವತ್ತೇ ಅಳ್ತಿದ್ದೆ ಅಷ್ಟೇ. ಹಂಗಂತ ನೀವು ಮಾಡಿದ್ದು ಸರಿ ಅಂತಲ್ಲಮ್ಮ. ಆ ಎಂಟು ದಿನ ನನ್ನದಾಗಿತ್ತು, ಹೆಂಗೆ ಕಳೀಬೇಕು ಅಂತ ನಾನು ನೋಡ್ಕೋತಿದ್ದೆ." ಒಂದು ಕ್ಷಣ ನಿಂತು, "ಇದನ್ನೂ ಅವರಿಗೆ ಹೇಳಿ," ಅಂದಳು.

ಅವಳು ಹೇಳಿದಳು. ವೈದ್ಯೆ ತಲೆಯಾಡಿಸಿ ಏನೋ ಬರೆದುಕೊಂಡಳು. ನರ್ಸಿನ ಕೈ ಬಂದು ತೆರೆಯನ್ನು ಆರಿಸಿತು.

ಹೆಡ್‌ಫೋನು ತೆಗೆದಾಗ ಕಿವಿಗಳು ಒದ್ದೆಯಾಗಿದ್ದವು. ಹಜಾರದಲ್ಲಿ ಅತ್ತೆಯ ಧಾರಾವಾಹಿ ತಡೆಯಿಲ್ಲದೆ ಓಡುತ್ತಿತ್ತು. ಯಾರೋ ಯಾರಿಗೋ ಒಂದೇ ಸಮನೆ ಬೈಯುತ್ತಿದ್ದರು. ಅವಳು ಚೀಟಿಯನ್ನು ಎತ್ತಿಕೊಂಡು, ತಾರೀಖಿನ ಜಾಗದಲ್ಲಿ ಬೀರುವಿನ ಹಿಂದೆ ಡಬ್ಬಿ ಇಟ್ಟ ಮರುದಿನದ ತಾರೀಖನ್ನು ಬರೆದಳು. ಪೆನ್ನು ಇಡುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ವೈದ್ಯೆ ಇಷ್ಟು ಬೇಗ ಹೇಳಿರಲಾರಳು, ಹೇಳಿದ್ದರೂ ಹೇಳಿರಬಹುದು. ನಾಲ್ಕನೆಯ ರಿಂಗಿಗೆ ಎತ್ತಿದಳು.

"ಹೆಂಗಾಯ್ತು?" ಅಂದಳು ಮೇಲ್ವಿಚಾರಕಿ. "ಲೈನ್ ಸರಿಹೋಯ್ತಾ?"

"ಸರಿಹೋಯ್ತು. ಎರಡು ಸಲದ್ದಕ್ಕೆ ಚೀಟಿ ಬರೆಸಿದೀನಿ. ಮೊದಲನೇ ಸಲದ್ದಕ್ಕೆ ಚೀಟಿ ಇಲ್ಲ. ಅವತ್ತು ಲೈನ್ ಸರಿಯಾಗೇ ಇತ್ತು. ನಾನೇ ಸ್ವಿಚ್ ಆರಿಸಿದ್ದು."

ಕಾದಳು. ಕಿಟಕಿಯ ಬಿಸಿಲು ಡಬ್ಬಿಯ ಮೇಲೆ ಬಿದ್ದು, ಹಸಿರು ದೀಪಗಳು ಉರಿಯುತ್ತಿವೆಯೋ ಇಲ್ಲವೋ ತಿಳಿಯದಷ್ಟು ಬೆಳಕಾಗಿತ್ತು.

"ಹಲೋ," ಅಂದಳು ಅವಳು. "ಕೇಳಿಸ್ತಿದೆಯಾ?"

"ಕೇಳಿಸ್ತಿದೆ," ಅಂದಳು ಮೇಲ್ವಿಚಾರಕಿ. "ಹೇಳಿ."